ಬೋನ್ಸು ಮೇಸ್ತ್ರಿಯ ಮೂಗು

ಕುಮಾಸಿಯ ಗಾಡಿ ರಿಪೇರಿ ಪೇಟೆ ಸುವಾಮೆಯಲ್ಲಿ ಬೋರ್ಡಿಲ್ಲದ ಗ್ಯಾರೇಜು ಸಿಗುವುದಿಲ್ಲ. ಒಬ್ಬನದು ದೇವರ ಹೆಸರು, ಒಬ್ಬನದು ತಾಯಿಯ ಹೆಸರು, ಇನ್ನೊಬ್ಬನದು ಹೊಟ್ಟೆಕಿಚ್ಚಿನವರಿಗೆ ಒಂದು ಬೈಗುಳ. ನನ್ನ ಅಂಗಡಿಯ ಎದುರಿಗಿರುವ ಕ್ವಾಕು ಬೋನ್ಸುವಿನ ಬೋರ್ಡಿನಲ್ಲಿ ಮಾತ್ರ ಅಕ್ಷರವೇ ಇಲ್ಲ. ಒಂದು ಗೇರ್‌ಬಾಕ್ಸು, ಪಕ್ಕದಲ್ಲಿ ಅದರಷ್ಟೇ ದೊಡ್ಡದೊಂದು ಮೂಗು. ಬರೆದ ಪೇಂಟರನಿಗೆ ಹೊಳ್ಳೆಯ ಅಂದಾಜು ಸಿಗದೆ ಎರಡು ಟೈರು ಬರೆದಿಟ್ಟಿದ್ದಾನೆ. ಆದರೂ ದೂರದ ತಮಾಲೆಯಿಂದ ಬಂದವರೂ "ಮೂಗಿನ ಮೇಸ್ತ್ರಿ ಎಲ್ಲಿ?" ಎಂದು ಕೇಳಿಕೊಂಡು ನೇರವಾಗಿ ಅಲ್ಲಿಗೇ ಬರುತ್ತಿದ್ದರು.

ನಾನು ಹಳೆಯ ಗೇರ್‌ಬಾಕ್ಸು ಮಾರುವವಳು. ಸಮುದ್ರದಾಚೆ ಯಾರೋ ಓಡಿಸಿ ಬಿಟ್ಟ ಕಾರುಗಳ ಹೊಟ್ಟೆಯಿಂದ ತೆಗೆದ ಮಾಲು. ಕಂಟೇನರಿನಲ್ಲಿ ಬರುತ್ತದೆ, ಅಂಗಡಿಯ ಮುಂದೆ ಸಾಲಾಗಿ ಕೂರುತ್ತದೆ. ಯಾರದೋ ಗಾಡಿಯ ಗೇರ್‌ಬಾಕ್ಸು ಸತ್ತರೆ ನನಗೆ ಊಟ. ಸತ್ತಿದೆಯೋ ಇಲ್ಲವೋ ಎಂದು ಹೇಳುವವನು ಬೋನ್ಸು. ಹಾಗಾಗಿ ಹದಿನೆಂಟು ವರ್ಷದಲ್ಲಿ ಅವನ ಮೂಗನ್ನು ನಾನು ನೋಡಿದಷ್ಟು ಅವನ ಹೆಂಡತಿಯೂ ನೋಡಿರಲಾರಳು.

ಆ ಮೂಗು ತಯಾರಾದದ್ದು ಅವನ ಹುಟ್ಟೂರು ಎಫಿಡುವಾಸೆಯಲ್ಲಿ. ಅವನ ತಾಯಿ ಅಲ್ಲಿ ತಾಳೆ ಎಣ್ಣೆ ಕಾಯಿಸುತ್ತಿದ್ದಳು. ಹಂಡೆಯ ಎಣ್ಣೆ ಹದಕ್ಕೆ ಬಂತೋ, ತಳ ಹಿಡಿಯಿತೋ ಅನ್ನುವುದನ್ನು ಮಗ ಬೀದಿಯಲ್ಲಿ ಚೆಂಡಾಡುತ್ತಲೇ ಕೂಗಿ ಹೇಳುತ್ತಿದ್ದನಂತೆ. ಹದಿನಾರಕ್ಕೆ ಸುವಾಮೆಗೆ ಬಂದ. ಪದ್ಧತಿಯಂತೆ ಒಂದು ಬಾಟಲಿ ಜಿನ್ ಮುಂದಿಟ್ಟು ಹಳೆಯ ಮೇಸ್ತ್ರಿಯೊಬ್ಬರ ಕೆಳಗೆ ಕೆಲಸಕ್ಕೆ ಸೇರಿದ, ಐದು ವರ್ಷದ ಮೇಲೆ ಇನ್ನೊಂದು ಬಾಟಲಿ ಇಟ್ಟು ಆಶೀರ್ವಾದ ತೆಗೆದುಕೊಂಡು ಹೊರಬಂದ. ಆಗೆಲ್ಲ ಕೈಯಲ್ಲಿ ಗೇರು ಹಾಕುವ ಗಾಡಿಗಳೇ. ಆಮೇಲೆ ಆಟೋಮ್ಯಾಟಿಕ್ ಬಂತು. ತಾನೇ ಗೇರು ಬದಲಾಯಿಸಿಕೊಳ್ಳುವ ಗಾಡಿ ಕಂಡರೆ ದೊಡ್ಡ ದೊಡ್ಡ ಮೇಸ್ತ್ರಿಗಳು ಊಟಕ್ಕೆ ಹೊತ್ತಾಯಿತು ಎಂದು ಎದ್ದು ಹೋಗುತ್ತಿದ್ದರು.

ಬೋನ್ಸು ನನ್ನ ಹತ್ತಿರ ಕೆಟ್ಟದೊಂದು ಆಟೋಮ್ಯಾಟಿಕ್ ಗೇರ್‌ಬಾಕ್ಸು ಕೊಂಡ. ಎರಡು ಡ್ರಮ್ಮಿನ ಮೇಲೆ ಕಾರಿನ ಬಾಗಿಲು ಮಲಗಿಸಿ, ಅದರ ಮೇಲೆ ಎಲ್ಲ ಬಿಚ್ಚಿಟ್ಟ. ಮತ್ತೆ ಜೋಡಿಸಿದಾಗ ಮೂರು ಉಕ್ಕಿನ ಗುಂಡು ಉಳಿದವು. ಬಿಚ್ಚಿದ, ಜೋಡಿಸಿದ, ಎರಡು ಉಳಿದವು. ಮೂರನೇ ಸಲ ಒಂದು. ನಾಲ್ಕನೇ ಸಲ ಏನೂ ಉಳಿಯಲಿಲ್ಲ, ಆದರೆ ಒಂದು ಸ್ಪ್ರಿಂಗು ಕಡಿಮೆ ಬಿತ್ತು. "ಅಕ್ಕ, ನೀನು ಸ್ಪ್ರಿಂಗ್ ಕದ್ದು ಮಾರ್ಬಿಟ್ಟಿದ್ದೀಯ" ಎಂದು ನನ್ನ ಮೇಲೆಯೇ ಜಗಳಕ್ಕೆ ಬಂದ. ಸ್ಪ್ರಿಂಗು ಅವನ ಚಪ್ಪಲಿಯ ಅಡಿಯಲ್ಲೇ ಅಂಟಿಕೊಂಡಿತ್ತು.

ಆಟೋಮ್ಯಾಟಿಕ್ಕಿನಲ್ಲಿ ಆಯಿಲೇ ಎಲ್ಲ. ಒಳಗಿನ ಪ್ಲೇಟುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು ಆಯಿಲಿನ ಒತ್ತಡ. ಪ್ಲೇಟು ಸವೆದರೆ ಅಥವಾ ಒತ್ತಡ ಸಾಲದೆ ಹೋದರೆ ಗೇರು ಜಾರುತ್ತದೆ. ಎಂಜಿನ್ನು ಕೂಗಿಕೊಳ್ಳುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ನಮ್ಮ ಪೇಟೆಯ ಸಂಘದ ಸಭೆಯ ಹಾಗೆ. ಎರಡರಲ್ಲಿ ಯಾವುದು ಅನ್ನುವುದೇ ಪ್ರಶ್ನೆ. ಬೋನ್ಸು ಆಯಿಲಿನ ಮಟ್ಟ ನೋಡುವ ಅಳತೆ ಕಡ್ಡಿಯನ್ನು ಅದರ ನಳಿಗೆಯಿಂದ ಎಳೆದು, ತುದಿಯ ಆಯಿಲನ್ನು ಮೂಗಿನ ಹತ್ತಿರ ತರುತ್ತಿದ್ದ, ಕಣ್ಣು ಮುಚ್ಚುತ್ತಿದ್ದ. ಸುಟ್ಟ ವಾಸನೆ ಬಂದರೆ ಪ್ಲೇಟು ಹೋಯಿತು, ಗಿರಾಕಿ ನನ್ನ ಅಂಗಡಿಗೆ. ಬರದಿದ್ದರೆ ಅವನೇ ರಿಪೇರಿ ಮಾಡಿ ಕಳಿಸುತ್ತಿದ್ದ, ನಾನು ಅವತ್ತಿಗೆ ಅವನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ತಪ್ಪಿದ್ದನ್ನು ಮಾತ್ರ ನೋಡಿರಲಿಲ್ಲ.

ಹೋದ ವರ್ಷ ಅವನಿಗೆ ಹನ್ನೆರಡು ದಿನ ಜ್ವರ ಬಂತು. ಎದ್ದು ಬಂದಾಗ ಸ್ವಲ್ಪ ಇಳಿದುಹೋಗಿದ್ದ, ಅಷ್ಟೇ ಅಂದುಕೊಂಡೆವು. ಅವನ ಗ್ಯಾರೇಜಿನ ಪಕ್ಕದಲ್ಲೇ ಡುಫಿ ಗೆಣಸು ಕರಿದು ಮಾರುತ್ತಾಳೆ. ಒಂದು ದಿನ ಅವಳು ನನ್ನ ಅಂಗಡಿಗೆ ಬಂದು ಮಾತಿಗೆ ಕೂತು ಬಾಣಲೆ ಮರೆತಳು. ಬೀದಿಯೆಲ್ಲ ಕಮಟು ಹೊಗೆ. ನಾಲ್ಕನೇ ಅಂಗಡಿಯವರು ಕೆಮ್ಮುತ್ತ ಓಡಿ ಬಂದರು. ಬಾಣಲೆಗೆ ಬೆನ್ನು ಮಾಡಿ ಮೂರು ಮೊಳ ದೂರದಲ್ಲಿ ಕೂತಿದ್ದ ಬೋನ್ಸು ತಣ್ಣಗೆ ಬೋಲ್ಟು ಒರೆಸುತ್ತಿದ್ದ.

ಡುಫಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

ಸಂಜೆ ನಾವಿಬ್ಬರೂ ಹೋಗಿ ಕೇಳಿದಾಗ ಬೋನ್ಸು ತಲೆ ಬಗ್ಗಿಸಿದ. "ಜ್ವರ ಹೋಗೋವಾಗ ಅದನ್ನೂ ಎತ್ಕೊಂಡು ಹೋಯ್ತು ಅಕ್ಕ. ಸೋಪೂ ಒಂದೇ, ಸಾರೂ ಒಂದೇ. ಯಾರಿಗೂ ಹೇಳ್ಬೇಡಿ."

ಹೇಳಲಿಲ್ಲ. ಬೋರ್ಡಿನ ಮೇಲೆ ಮೂಗು ಬರೆಸಿಕೊಂಡವನಿಗೆ ಮೂಗಿಲ್ಲ ಅಂದರೆ ಪೇಟೆ ಎರಡು ವರ್ಷ ನಗುತ್ತದೆ, ಆಮೇಲೆ ಮರೆಯುತ್ತದೆ. ಪೇಟೆ ನಗುವುದಕ್ಕಿಂತ ಅದು ಮರೆಯುವುದೇ ಅವನಿಗೆ ಕಷ್ಟ. ಅವನು ಕಡ್ಡಿ ಎಳೆಯುವುದು, ಮೂಸುವುದು, ಕಣ್ಣು ಮುಚ್ಚುವುದು, ಎಲ್ಲ ಹಳೆಯ ಹಾಗೇ ನಡೆಸಿದ. ಬಣ್ಣ ನೋಡಿ, ಶಬ್ದ ಕೇಳಿ ಅಂದಾಜಿನ ಮೇಲೆ ಹೇಳುತ್ತಿದ್ದ. ನಡೆದಷ್ಟು ದಿನ ನಡೆಯಿತು. ಒಂದು ಸಲ ಪಾದ್ರಿಯೊಬ್ಬರ ಕಾರಿನ ಕಪ್ಪಗಾದ ಆಯಿಲು ನೋಡಿ "ಸುಟ್ಟಿದೆ" ಅಂದುಬಿಟ್ಟ. ಇಳಿಸಿ ಬಿಚ್ಚಿದರೆ ಪ್ಲೇಟುಗಳು ಹೊಸ ತಟ್ಟೆಯ ಹಾಗೆ ಹೊಳೆಯುತ್ತಿವೆ. ಆಯಿಲು ಬರೀ ಹಳೆಯದು, ಸುಟ್ಟದ್ದಲ್ಲ. ತನ್ನ ಖರ್ಚಿನಲ್ಲೇ ಮತ್ತೆ ಜೋಡಿಸಿ ಕೊಟ್ಟ. ಪಾದ್ರಿ ಅವನನ್ನು ಕ್ಷಮಿಸಿದರು. ಕ್ಷಮಿಸಿದ್ದನ್ನು ಭಾನುವಾರ ಇಡೀ ಸಭೆಗೆ ಹೇಳಿದರು.

"ಇನ್ನೊಂದು ತಪ್ಪಿದ್ರೆ ಬೋರ್ಡ್ ಇಳಿಸ್ತೀನಿ ಅಕ್ಕ," ಅಂದ ಬೋನ್ಸು. "ಎಫಿಡುವಾಸೆಗೆ ಹೋಗಿ ನಮ್ಮಮ್ಮನ ಹಂಡೆ ತೊಳೀತೀನಿ." ಅವನು ತಮಾಷೆ ಮಾಡುವಾಗ ಬಲಗಡೆ ಹಲ್ಲು ಕಾಣುತ್ತದೆ. ಅವತ್ತು ಕಾಣಲಿಲ್ಲ.

ಅದಾಗಿ ಮೂರು ವಾರಕ್ಕೆ ಬಂದವಳು ಸೆರ್ವಾ. ಬೆಟ್ಟದ ಮೇಲಿನ ಮಾಂಪಾಂಗಿನಲ್ಲಿ ಬ್ರೆಡ್ಡು ಸುಡುತ್ತಾಳೆ. ಐವತ್ತು ದಾಟಿದ ಹೆಂಗಸು, ಮೊಣಕೈಯ ಮಡಿಕೆಯಲ್ಲಿ ಮೈದಾ ಹಿಟ್ಟು ಯಾವಾಗಲೂ ಇರುತ್ತದೆ. ಬೆಳಿಗ್ಗೆ ಬೆಟ್ಟ ಇಳಿದು ಕುಮಾಸಿಯ ಎರಡು ಹಾಸ್ಟೆಲ್ಲಿಗೆ ಬ್ರೆಡ್ಡು ಹಾಕುವುದು, ಬರುವಾಗ ಹಿಟ್ಟಿನ ಮೂಟೆ ಹೇರಿಕೊಂಡು ಬೆಟ್ಟ ಹತ್ತುವುದು. ಬೆಳ್ಳಿ ಬಣ್ಣದ ಪುಟ್ಟ ಆಟೋಮ್ಯಾಟಿಕ್ ಕಾರು. ಅದು ಹತ್ತುವುದನ್ನು ಬಿಟ್ಟಿತ್ತು.

"ಮೇಸ್ತ್ರಿ, ನೀವೇ ಅಲ್ವಾ ಮೂಗು?" ಅಂದಳು ಇಳಿಯುತ್ತಲೇ.

"ಮೂಗು ಬೋರ್ಡಿನ ಮೇಲಿದೆ ತಾಯಿ. ನಾನು ಬೋನ್ಸು."

"ನಮ್ಮೂರಿನ ಫಿಟ್ಟರ್ ಗೇರ್‌ಬಾಕ್ಸ್ ಸತ್ತಿದೆ, ಬೇರೆ ಹಾಕಿಸು ಅಂದ. ಎರಡನೇ ಒಲೆ ಕಟ್ಟಿಸೋಕೆ ಅಂತ ಇಟ್ಟಿದ್ದನ್ನೆಲ್ಲ ತಂದಿದ್ದೀನಿ. ನೀವು ಒಂದ್ಸಲ ಮೂಸಿ ಹೇಳ್ಬಿಡಿ. ನೀವು ಸತ್ತಿದೆ ಅಂದ್ರೆ ಸತ್ತಿದೆ."

ನನ್ನ ಅಂಗಡಿಯಲ್ಲಿ ಅದೇ ಕಾರಿನ ಗೇರ್‌ಬಾಕ್ಸು ಇತ್ತು. ಹಿಂದಿನ ವಾರವಷ್ಟೇ ಬಂದದ್ದು, ಅದರ ನಳಿಗೆ, ಕಡ್ಡಿ ಸಮೇತ. ನಾನು ಬೋನ್ಸುವನ್ನು ಪಕ್ಕಕ್ಕೆ ಕರೆದೆ.

"ನೋಡು, ಯೋಚನೆ ಮಾಡಬೇಡ. ಸುಟ್ಟಿದೆ ಅನ್ನು. ನನ್ನದು ಹಾಕು. ಗಾಡಿ ಓಡುತ್ತೆ. ಗಾಡಿ ಓಡಿದ ಮೇಲೆ ಇಳಿಸಿದ್ದು ಸತ್ತಿತ್ತೋ ಬದುಕಿತ್ತೋ ಅಂತ ಯಾರು ಕೇಳ್ತಾರೆ? ನಿನ್ನ ಹೆಸರೂ ಉಳೀತು."

"ನಿನ್ನ ಮಾಲೂ ಹೋಯ್ತು."

"ಅದೂ ಆಯ್ತು. ನಾನೇನು ಮಠ ಇಟ್ಟಿದ್ದೀನಾ?"

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸತ್ತಿದೆ ಅಂದರೆ ಅವನಿಗೆ ಯಾವ ಅಪಾಯವೂ ಇಲ್ಲ. ಬದುಕಿದೆ ಎಂದು ಹೇಳಿ ಕಳಿಸಿ, ಅದು ಬೆಟ್ಟದಲ್ಲಿ ಮತ್ತೆ ನಿಂತರೆ ಬೋರ್ಡು ಇಳಿದ ಹಾಗೆಯೇ. ಅವನು ಕಾರಿನ ಹತ್ತಿರ ಹೋದ.

ಎಂಜಿನ್ನು ಬಿಸಿಯಾಗಿಯೇ ಇತ್ತು. ಸಮ ನೆಲಕ್ಕೆ ತಂದು ನಿಲ್ಲಿಸಿದ. ಬ್ರೇಕು ತುಳಿದು ಗೇರುಗಳನ್ನೆಲ್ಲ ಒಂದೊಂದಾಗಿ ಹಾಕಿ ತೆಗೆದು, ಎಂಜಿನ್ನು ಓಡುತ್ತಿರುವಾಗಲೇ ಕಡ್ಡಿ ಎಳೆದ. ಆಯಿಲು ಮೇಲಿನ ಗುರುತಿಗೆ ಸರಿಯಾಗಿ ಮುಟ್ಟಿತ್ತು. ಬಿಳಿ ಬಟ್ಟೆಗೆ ಒರೆಸಿದ. ಕೆಂಪು. ಕಡ್ಡಿಯನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದ. ಪಕ್ಕದ ಗ್ಯಾರೇಜಿನವರು ಇಬ್ಬರು ಸ್ಪ್ಯಾನರು ಹಿಡಿದೇ ಬಂದು ನಿಂತರು. ಪಾದ್ರಿಯ ಕತೆ ಅವರಿಗೂ ಗೊತ್ತು.

ಬೋನ್ಸು ಕಣ್ಣು ತೆರೆದ. "ಡುಫಿ, ಬಾ ಇಲ್ಲಿ."

"ಬಾಣಲೆ ಒಲೆ ಮೇಲಿದೆ ಮೇಸ್ತ್ರಿ."

"ಇಳಿಸಿ ಬಾ. ಇದನ್ನ ಮೂಸಿ ಹೇಳು."

ಸ್ಪ್ಯಾನರಿನವರಲ್ಲಿ ಒಬ್ಬ, "ಏನ್ ಮೇಸ್ತ್ರಿ, ಮೂಗು ಬಾಡಿಗೆಗೆ ಕೊಟ್ರಾ?" ಅಂದ.

"ನನ್ನದು ಹೋಗಿದೆ ಕಣೋ. ಜ್ವರದಲ್ಲಿ ಹೋಯ್ತು. ಹತ್ತು ತಿಂಗಳಾಯ್ತು." ಬೋನ್ಸು ಅವನ ಕಡೆ ನೋಡಲಿಲ್ಲ, ಸೆರ್ವಾಳನ್ನು ನೋಡಿದ. "ತಾಯಿ, ನನಗೆ ವಾಸನೆ ತಿಳಿಯಲ್ಲ. ಬೇರೆ ಕಡೆ ತೋರಿಸ್ತೀನಿ ಅಂದ್ರೆ ಬೇಜಾರಿಲ್ಲ. ಇರ್ತೀನಿ ಅಂದ್ರೆ ಈ ಹೆಂಗಸಿನ ಮೂಗನ್ನ ನಂಬಿ. ಹಗಲೆಲ್ಲ ಎಣ್ಣೆ ಮುಂದೇ ಕೂತಿರ್ತಾಳೆ."

ಸೆರ್ವಾ ನನ್ನ ಕಡೆ ನೋಡಿದಳು, ಬೋರ್ಡಿನ ಕಡೆ ನೋಡಿದಳು. ಗಾಡಿ ಹತ್ತಿ ಹೊರಟುಬಿಡಬಹುದಿತ್ತು. "ಮೂಸಿ ನೋಡಮ್ಮ," ಅಂದಳು ಡುಫಿಗೆ.

ಡುಫಿ ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡು ಬಂದಳು. ಕಡ್ಡಿಯ ತುದಿ ಮೂಸಿದಳು. ಬೆರಳಿಗೆ ಹಚ್ಚಿ ಉಜ್ಜಿ ಮತ್ತೆ ಮೂಸಿದಳು. ಅವಳ ಜೀವನದಲ್ಲಿ ಇಷ್ಟು ಗಂಡಸರು ಸುಮ್ಮನೆ ನಿಂತು ಅವಳ ಮಾತಿಗೆ ಕಾದದ್ದು ಅದೇ ಮೊದಲು, ಹಾಗಾಗಿ ಅವಸರ ಮಾಡಲಿಲ್ಲ.

"ಕಮಟಿಲ್ಲ," ಅಂದಳು ಕೊನೆಗೆ. "ಒಂಥರಾ ಸಿಹಿ ವಾಸನೆ. ಮೂರು ದಿನದ ನನ್ನ ಬಾಣಲೆ ಎಣ್ಣೆ ಇದಕ್ಕಿಂತ ಕೆಟ್ಟದಾಗಿರುತ್ತೆ."

"ಅದನ್ನೇ ನಮಗೆ ತಿನ್ಸೋದು ನೀನು," ಅಂದ ಸ್ಪ್ಯಾನರಿನವನು.

"ತಿಂದು ಸತ್ತಿದ್ದೀಯಾ? ಬಾಯಿ ಮುಚ್ಚು."

ಹಾಗಾದರೆ ಪ್ಲೇಟು ಸುಟ್ಟಿಲ್ಲ. ಬೋನ್ಸು ಸೆರ್ವಾಳಿಗೆ ಡುಫಿಯ ಬೆಂಚು ಕೊಟ್ಟು ಕೂರಿಸಿದ, ತಾನು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತ. ಮೂಗಿದ್ದಾಗ ಅವನು ಗಿರಾಕಿಯನ್ನು ಎರಡು ಮಾತು ಕೇಳುತ್ತಿದ್ದ, ಅಷ್ಟೇ. ಅವತ್ತು ಡಾಕ್ಟರು ಬಸುರಿಯನ್ನು ಕೇಳಿದ ಹಾಗೆ ಕೇಳಿದ.

"ಎಲ್ಲಿ ಜಾರುತ್ತೆ ತಾಯಿ?"

"ಬೆಟ್ಟದ ಏರಿನಲ್ಲಿ. ದೊಡ್ಡ ತಿರುವಿನಲ್ಲಿ ಎಂಜಿನ್ ಕಿರುಚುತ್ತೆ, ಗಾಡಿ ಹಿಂದಕ್ಕೆ ಬರುತ್ತೆ. ಇಳಿದು ಗಾಲಿಗೆ ಕಲ್ಲು ಕೊಡ್ತೀನಿ. ಅದಕ್ಕೇ ಒಂದು ಕಲ್ಲು ಸೀಟಿನ ಕೆಳಗೇ ಇಟ್ಕೊಂಡಿದ್ದೀನಿ."

"ಸಮ ರಸ್ತೇಲಿ?"

"ಏನೂ ಇಲ್ಲ. ಆದ್ರೆ ಊರಿನ ಸರ್ಕಲ್‌ನಲ್ಲಿ ಜೋರಾಗಿ ತಿರುಗಿಸಿದ್ರೆ ಒಂದು ಕ್ಷಣ ಬಿಟ್ಟು ಹಿಡಿಯುತ್ತೆ."

"ಯಾವಾಗಿಂದ?"

"ಆಯಿಲ್ ಬದಲಾಯಿಸಿದ ಮೇಲೆ. ಎರಡು ತಿಂಗಳು."

ಬೋನ್ಸು ಎದ್ದ. "ಪ್ಲೇಟ್ ಸವೆದಿದ್ರೆ ಸಮ ರಸ್ತೇಲೂ ಜಾರ್ಬೇಕು. ಏರಿನಲ್ಲಿ, ತಿರುವಿನಲ್ಲಿ ಮಾತ್ರ ಜಾರ್ತಿದೆ ಅಂದ್ರೆ ಆಯಿಲ್ ಒಂದು ಕಡೆ ಓಡ್ತಿದೆ, ಪಂಪಿಗೆ ಗಾಳಿ ಹೋಗ್ತಿದೆ. ಆಯಿಲ್ ಕಮ್ಮಿ ಇದೆ."

"ಕಡ್ಡಿ ತುಂಬ ಇದೆ ಅಂತಿದೆಯಲ್ಲ ಮೇಸ್ತ್ರಿ!" ಅಂದ ಸ್ಪ್ಯಾನರಿನವನು. "ಮೂಗೂ ಹೋಯ್ತು, ಕಣ್ಣೂ ಹೋಯ್ತಾ?"

ಬೋನ್ಸು ಮತ್ತೆ ಕಡ್ಡಿ ಒರೆಸಿ ಹಾಕಿ ತೆಗೆದ. ತುಂಬಾ ಇದೆ. ಇನ್ನೊಂದು ಸಲ ತೆಗೆದ. ತುಂಬಾ ಇದೆ. ಸುತ್ತ ನಿಂತವರು ಒಬ್ಬೊಬ್ಬರೇ ನಗುವುದಕ್ಕೆ ಶುರು ಮಾಡಿದರು. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ನಾನು ಮೆಲ್ಲಗೆ, "ಈಗಲೂ ಹೊತ್ತು ಮೀರಿಲ್ಲ, ಬೇರೆ ಹಾಕೋಣ ಅನ್ನು" ಅಂದೆ. ಅವನಿಗೆ ಕೇಳಿಸಲೇ ಇಲ್ಲ. ಕಡ್ಡಿಯ ಹಿಡಿಯ ಬಳೆಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದ. ಆ ಬಳೆಗೆ ಹಸಿರು ತಂತಿಯ ತುಣುಕೊಂದು ಸುತ್ತಿಕೊಂಡಿತ್ತು.

ಆ ತುಣುಕನ್ನು ನಾನೂ ನೋಡಿದೆ. ನೋಡಿ, ಅಂಗಡಿಯಲ್ಲಿ ಏನೋ ಕೆಲಸವಿದೆ ಅನ್ನಿಸಿ ರಸ್ತೆ ದಾಟಿ ಬಂದೆ.

ನನ್ನ ಅಂಗಡಿಯ ಬಾಗಿಲಲ್ಲಿ ಒಂದು ಬುಟ್ಟಿಯಿದೆ. ಅದರ ತುಂಬ ಅಳತೆ ಕಡ್ಡಿಗಳು, ಯಾವ ಯಾವುದೋ ಕಾರಿನವು. ಹತ್ತತ್ತು ಸೇರಿಸಿ ಹಸಿರು ತಂತಿಯಲ್ಲಿ ಕಟ್ಟಿಡುತ್ತೇನೆ. ಕಡ್ಡಿ ಕಳೆದುಕೊಂಡವರು ಬರುತ್ತಾರೆ, ಒಂದೊಂದೇ ನಳಿಗೆಯಲ್ಲಿ ಇಳಿಸಿ ನೋಡುತ್ತಾರೆ, ಸಲೀಸಾಗಿ ಇಳಿದದ್ದನ್ನು ಕೊಂಡು ಹೋಗುತ್ತಾರೆ. ನಮ್ಮ ಸುವಾಮೆಯ ಲೆಕ್ಕ ಯಾವಾಗಲೂ ಅದೇ: ಇಳಿಯಿತೋ, ಅದು ನಿನ್ನದು. ಬಾಗಿಲು, ಕನ್ನಡಿ, ಸೀಟು, ಎಲ್ಲ ಹಾಗೇ ನಡೆದಿದೆ.

"ಈ ಕಡ್ಡಿ ಗಾಡೀದೇನಾ ತಾಯಿ?" ಬೋನ್ಸು ಕೇಳಿದ.

"ಇಲ್ಲ. ಆಯಿಲ್ ಬದಲಾಯಿಸಿದಾಗ ನನ್ನ ತಮ್ಮ ಎಲ್ಲೋ ಇಟ್ಟು ಕಳೆದ. ಇದನ್ನ ಇಲ್ಲೇ ಸುವಾಮೆಲಿ ಕೊಂಡು ತಂದ. ಚೆನ್ನಾಗಿ ಕೂತ್ಕೊಳ್ತು."

ಬೋನ್ಸು ರಸ್ತೆ ದಾಟಿ ನೇರ ನನ್ನ ಅಂಗಡಿಗೆ ಬಂದ. ಮಾರಬೇಕೆಂದು ಒರೆಸಿಟ್ಟಿದ್ದ ಆ ಗೇರ್‌ಬಾಕ್ಸಿನ ನಳಿಗೆಯಿಂದ ಅದರ ಕಡ್ಡಿ ಎಳೆದ. ಎರಡನ್ನೂ ಹಿಡಿ ಸಮ ಮಾಡಿ ಪಕ್ಕಪಕ್ಕ ಹಿಡಿದ. ಸೆರ್ವಾಳ ಕಡ್ಡಿ ಎರಡು ಬೆರಳು ಹೆಚ್ಚು ಉದ್ದವಿತ್ತು.

ಅವನ ಬಲಗಡೆ ಹಲ್ಲು ಕಂಡಿತು.

"ಉದ್ದದ ಕಡ್ಡಿ ಆಳಕ್ಕೆ ಇಳಿಯುತ್ತೆ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ತಳದಲ್ಲಿ ಉಳಿದಿರೋ ಆಯಿಲ್ ಮುಟ್ಟಿ ತುಂಬಿದೆ ಅಂತ ಬರುತ್ತೆ. ಆ ಫಿಟ್ಟರ್ ಗುರುತಿಗೆ ಸರಿಯಾಗೇ ಹಾಕಿದ್ದಾನೆ, ಪಾಪ. ಗುರುತೇ ಸುಳ್ಳು." ಆಮೇಲೆ ನನ್ನ ಕಡೆ ತಿರುಗಿ, "ಯಾವ ಬುಟ್ಟಿಯಿಂದ ಬಂತೋ ದೇವರಿಗೇ ಗೊತ್ತು. ಅಲ್ವಾ ಅಕ್ಕ?" ಅಂದ.

"ಪೇಟೇಲಿ ಬುಟ್ಟಿಗಳು ಬೇಕಾದಷ್ಟಿವೆ," ಅಂದೆ ನಾನು.

"ಹಸಿರು ತಂತಿಯವು ಎಷ್ಟಿವೆ?"

ನಾನು ಅವನ ಕೈಯಿಂದ ಚಿಕ್ಕ ಕಡ್ಡಿ ತೆಗೆದುಕೊಂಡು, ರಸ್ತೆ ದಾಟಿ ಸೆರ್ವಾಳ ಕೈಗೆ ಕೊಟ್ಟೆ. ದುಡ್ಡು ಕೇಳಲಿಲ್ಲ. ಪೇಟೆಯವರು ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ.

ಸರಿಯಾದ ಕಡ್ಡಿ ಇಳಿಸಿ ನೋಡಿದರೆ ಅದರ ತುದಿಗೂ ಆಯಿಲು ತಾಕಲಿಲ್ಲ. ಬೋನ್ಸು ಸ್ವಲ್ಪ ಸ್ವಲ್ಪವೇ ಸುರಿದ, ಪ್ರತಿಸಲ ಗೇರುಗಳನ್ನು ಆಡಿಸಿ ಅಳೆದ. ಒಂದೂವರೆ ಲೀಟರು ಕುಡಿಯಿತು. ಸ್ಪ್ಯಾನರಿನವನು ಹೋಗಲಿಲ್ಲ. "ಸರಿ ಮೇಸ್ತ್ರಿ, ಎರಡು ತಿಂಗಳು ಆಯಿಲಿಲ್ದೆ ಓಡಿದೆ. ಪ್ಲೇಟ್ ಉಳಿದಿರುತ್ತೆ ಅನ್ನೋಕೇನು ಗ್ಯಾರಂಟಿ? ಬರೀ ಗೆಣಸಿನ ಮೂಗು!"

ಅವನು ಹೇಳಿದ್ದು ತಪ್ಪಲ್ಲ. ಅದು ಬೋನ್ಸುವಿಗೂ ಗೊತ್ತಿತ್ತು. "ಬೆಟ್ಟ ಹೇಳುತ್ತೆ," ಅಂದ. "ತಾಯಿ, ನಾಲ್ಕು ಮೂಟೆ ಹಿಟ್ಟು ಕೊಂಡುಕೊಳ್ಳಿ. ನಾನೂ ಬರ್ತೀನಿ."

ನಾನು ಹಾಡಹಗಲೇ ಅಂಗಡಿಗೆ ಬೀಗ ಹಾಕಿದೆ. ಎರಡು ಮೂಟೆ ಡಿಕ್ಕಿಯಲ್ಲಿ, ಎರಡು ಹಿಂದಿನ ಸೀಟಿನಲ್ಲಿ, ಅವುಗಳ ನಡುವೆ ನಾನು. ಡುಫಿ ಬರುತ್ತೇನೆ ಅಂದಳು. "ನೀನು ಕೂತರೆ ಹೊಸ ಗೇರ್‌ಬಾಕ್ಸೂ ಜಾರುತ್ತೆ" ಎಂದು ಬೋನ್ಸು ಅವಳನ್ನು ತಡೆದ. ಅವಳು ಬೈಯುತ್ತಲೇ ಒಂದು ಪೊಟ್ಟಣ ಕರಿದ ಗೆಣಸು, ಖಾರ ಕಟ್ಟಿ ಕೊಟ್ಟಳು.

ದಾರಿಯುದ್ದಕ್ಕೂ ಗೆಣಸಿನ ಪೊಟ್ಟಣ ಬೋನ್ಸುವಿನ ತೊಡೆಯ ಮೇಲೆ ಹಾಗೇ ಇತ್ತು. ಜಮಾಸಿ ಊರು ದಾಟಿ ಬೆಟ್ಟದ ಬುಡಕ್ಕೆ ಬಂದಾಗ ಅವನು ಚಪ್ಪಲಿ ಬಿಚ್ಚಿದ, ಬರಿ ಪಾದವನ್ನು ಕಾರಿನ ನೆಲಕ್ಕೆ ಒತ್ತಿದ. ಕಿವಿ, ಕಾಲು, ಇನ್ನು ಉಳಿದದ್ದೆಲ್ಲವನ್ನೂ ಆ ಗೇರ್‌ಬಾಕ್ಸಿಗೆ ಹಚ್ಚಿ ಕೂತ. ಏರು ಶುರುವಾಯಿತು. ಎಂಜಿನ್ನಿನ ದನಿ ದಪ್ಪವಾಯಿತು. ನನ್ನ ಎರಡೂ ಕಡೆಯ ಮೂಟೆಗಳು ನನ್ನ ಮೇಲೆ ಒರಗಿದವು.

"ಅಗೋ, ಆ ತಿರುವು," ಅಂದಳು ಸೆರ್ವಾ. ಅವಳ ಎಡಗೈ ತಾನಾಗಿಯೇ ಸೀಟಿನ ಕೆಳಗಿನ ಕಲ್ಲಿನ ಕಡೆ ಹೋಯಿತು.

"ಎರಡೂ ಕೈ ಸ್ಟೇರಿಂಗ್ ಮೇಲಿರಲಿ," ಅಂದ ಬೋನ್ಸು. "ತುಳೀರಿ."

ತುಳಿದಳು. ತಿರುವಿನ ನಡುವೆ ಗಾಡಿ ಒಂದು ಸಲ ತಡವರಿಸಿದ ಹಾಗಾಯಿತು. ನಾನು ಮೂಟೆಯನ್ನು ತಬ್ಬಿಕೊಂಡೆ. ಟಕ್ ಎಂದು ಕೆಳಗಿನ ಗೇರಿಗೆ ಬಿತ್ತು, ಹಿಡಿಯಿತು. ಮುಂದೆ ಹೋಗುತ್ತಿದ್ದ ಬಾಳೆಗೊನೆಯ ಲಾರಿಯ ಹಿಂಬದಿ ನಮ್ಮ ಕಡೆ ಬರತೊಡಗಿತು. ಸೆರ್ವಾ ಹಾರ್ನು ಹೊಡೆದು ಅದನ್ನು ದಾಟಿದಳು. ಎರಡು ತಿಂಗಳಿಂದ ಲಾರಿಗಳು ಅವಳನ್ನು ದಾಟುತ್ತಿದ್ದವು. ಆ ಹಾರ್ನು ಬೇಕಾದ್ದಕ್ಕಿಂತ ಸ್ವಲ್ಪ ಉದ್ದವೇ ಆಯಿತು.

ಬೆಟ್ಟದ ಮೇಲೆ ಅವಳು ಗಾಡಿ ನಿಲ್ಲಿಸಿದಳು. ಸೀಟಿನ ಕೆಳಗಿಂದ ಕಲ್ಲು ತೆಗೆದು ರಸ್ತೆಯ ಬದಿಗೆ ಇಟ್ಟಳು. ಎಸೆಯಲಿಲ್ಲ. ಸಾಕಿದ ನಾಯಿಯನ್ನು ಕೂರಿಸುವ ಹಾಗೆ ಕೂರಿಸಿದಳು. ಬೋನ್ಸು ಇಳಿದು ಕಡ್ಡಿ ಎಳೆದು ಬಟ್ಟೆಗೆ ಒರೆಸಿದ, ಕೆಂಪು. ಅಭ್ಯಾಸಬಲದಿಂದ ಮೂಗಿನ ಹತ್ತಿರ ತಂದವನು, ಅರ್ಧದಲ್ಲಿ ನೆನಪಾಗಿ ಅದನ್ನು ನನ್ನ ಕಡೆ ಚಾಚಿದ.

"ಸಿಹಿ," ಅಂದೆ.

ಅವನು ಕಲ್ಲಿನ ಪಕ್ಕದಲ್ಲಿ ಕೂತು ಗೆಣಸಿನ ಪೊಟ್ಟಣ ಬಿಚ್ಚಿದ. ಒಬ್ಬನೇ ಪೂರ್ತಿ ತಿಂದ. ರುಚಿ ಗೊತ್ತಾಗುತ್ತಾ ಎಂದು ಕೇಳಿದೆ. "ಖಾರ ಗೊತ್ತಾಗುತ್ತೆ" ಅಂದ, ಕಣ್ಣು ಒರೆಸಿಕೊಳ್ಳುತ್ತ. ಖಾರಕ್ಕೇ ಇರಬೇಕು.

ಪೇಟೆ ನಕ್ಕಿತು, ಒಂದು ವಾರ. ಆಮೇಲೆ ಗಾಡಿಗಳು ಬರತೊಡಗಿದವು. ಈಗ ಬೋನ್ಸು ಗಿರಾಕಿಯನ್ನು ಬೆಂಚಿನಲ್ಲಿ ಕೂರಿಸಿ ಮೊದಲು ಮಾತಾಡಿಸುತ್ತಾನೆ: ಎಲ್ಲಿ, ಯಾವಾಗ, ಎಷ್ಟು ಭಾರ. ಆಮೇಲೆ ಕಡ್ಡಿ ಅಳೆಯುತ್ತಾನೆ, ಅದು ಅದೇ ಗಾಡಿಯದೋ ಎಂದು ನೋಡುತ್ತಾನೆ. ಕೊನೆಗೆ ಡುಫಿ. ಮೂಸಿದ್ದಕ್ಕೆ ಅವಳು ದುಡ್ಡು ಕೇಳುವುದಿಲ್ಲ. ಕಾಯುವ ಗಿರಾಕಿ ಗೆಣಸು ತಿನ್ನಲೇಬೇಕು, ಅಷ್ಟೇ. ನನ್ನ ಬುಟ್ಟಿ ಈಗಲೂ ಬಾಗಿಲಲ್ಲಿದೆ. ಒಂದೊಂದು ಕಡ್ಡಿಗೂ ಯಾವ ಕಾರಿನದೆಂದು ಚೀಟಿ ಕಟ್ಟಿದ್ದೇನೆ. ಚೀಟಿ ಕಟ್ಟಿದ ಮೇಲೆ ಬೆಲೆ ಸ್ವಲ್ಪ ಏರಿಸಿದ್ದೇನೆ, ಅದು ಬೇರೆ ಮಾತು.

ಬೋರ್ಡು ಇಳಿಯಿತು, ಒಂದು ದಿನದ ಮಟ್ಟಿಗೆ, ಬಣ್ಣ ಬಳಿಯುವುದಕ್ಕೆ. ಅದೇ ಪೇಂಟರು ಹಳೆಯ ಮೂಗಿನ ಪಕ್ಕದಲ್ಲಿ ಇನ್ನೊಂದು ಮೂಗು ಬರೆದ. ಏರಿಸಿದ ಮೇಲೆ ಡುಫಿ ಸೊಂಟಕ್ಕೆ ಕೈಕೊಟ್ಟು ಕೆಳಗೆ ನಿಂತು ತುಂಬ ಹೊತ್ತು ನೋಡಿದಳು.

"ಮೇಸ್ತ್ರಿ, ನನ್ನ ಮೂಗು ಅಷ್ಟು ಚಪ್ಪಟೆ ಇದೆಯಾ?"

ಬೋನ್ಸು ಏಣಿಯ ಮೇಲಿಂದಲೇ ಬಗ್ಗಿ ನೋಡಿ ಹೇಳಿದ: "ನಂದು ಹೋಗಿರೋದು ವಾಸನೆ ಮಾತ್ರ ಡುಫಿ. ಕಣ್ಣು ಚೆನ್ನಾಗೇ ಇದೆ."